ಶಾಂಘೈ ಹೋಟೆಲಿನಲ್ಲಿ ಕರಿಬಸಮ್ಮ

ಸಿಂಗಟಗೆರೆಯ ಕರಿಬಸಮ್ಮನಿಗೆ ಅರವತ್ತು ದಾಟುವವರೆಗೂ ಹೋಟೆಲು ಎಂದರೆ ಕಡೂರಿನ ಬಸ್‌ಸ್ಟ್ಯಾಂಡಿನ ಎದುರು ಸಿಗುವ ಇಡ್ಲಿ, ಕಾಫಿ. ಅದೂ ಆಸ್ಪತ್ರೆಗೋ ಬಟ್ಟೆ ಅಂಗಡಿಗೋ ಹೋಗಿ ಹೊತ್ತಾದಾಗ ಮಾತ್ರ. ಅಂಥವಳು ಸುಮಾರು ಮೂರು ವರ್ಷ, ತಿಂಗಳಿಗೆರಡು ಭಾನುವಾರ, ತರೀಕೆರೆಯ ಚೈನೀಸ್ ಹೋಟೆಲೊಂದರಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ಬಂದಳು. ಆಸೆಪಟ್ಟು ಹೋದದ್ದಲ್ಲ. ಕೋರ್ಟು ಹೇಳಿದ್ದಕ್ಕೆ ಹೋದದ್ದು.

ಅವಳ ಒಬ್ಬಳೇ ಮಗಳು ವಿದ್ಯಾಶ್ರೀ ನರ್ಸು. ಅಜ್ಜಂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಓಂಕಾರೇಶನಿಗೆ ಕೊಟ್ಟು ಮದುವೆ ಮಾಡಿದ್ದರು. ಓಂಕಾರೇಶ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಆದರೆ ಕೂಗುವವನು. ಸಾರಿಗೆ ಉಪ್ಪು ಕಡಿಮೆಯಾದರೆ, ಡ್ಯೂಟಿ ಮುಗಿದು ಬರುವುದು ತಡವಾದರೆ, ಫೋನು ಎತ್ತದಿದ್ದರೆ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಸ್ವಲ್ಪ ಹೊತ್ತಿಗೆ ತಾನೇ ಮರೆತು ಊಟಕ್ಕೆ ಕೂರುತ್ತಿದ್ದ. ವಿದ್ಯಾಶ್ರೀಗೆ ಮರೆಯಲು ಆಗುತ್ತಿರಲಿಲ್ಲ. ಒಂದು ದಿನ ಅವಳು ಕೆಲಸ ಮಾಡುವ ಜಾಗಕ್ಕೇ ಬಂದು ರೋಗಿಗಳ ಎದುರು ಕೂಗಿದ. ಅವಳು ಅವತ್ತೇ ನಾಲ್ಕು ವರ್ಷದ ಮಗಳು ಸಿಂಚನಾಳನ್ನು ಎತ್ತಿಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು, ಎದ್ದು ಹೋದರು. ವಕೀಲರು ಬಂದರು. ಕೊನೆಗೆ, ಸಿಂಚನಾಗೆ ಏಳು ನಡೆಯುವಾಗ, ವಿಚ್ಛೇದನವಾಯಿತು. ಮಗು ತಾಯಿಯ ಹತ್ತಿರ ಇರಬೇಕು, ತಂದೆ ತಿಂಗಳಿಗೆರಡು ಭಾನುವಾರ ನಾಲ್ಕು ಜನ ಓಡಾಡುವ ಜಾಗದಲ್ಲಿ ಮಗುವನ್ನು ನೋಡಬಹುದು, ಆಗ ತಾಯಿಯ ಕಡೆಯವರೊಬ್ಬರು ಜೊತೆಗಿರಬೇಕು ಎಂದು ತೀರ್ಮಾನವಾಯಿತು.

ಆ ಒಬ್ಬರು ಯಾರು? ವಿದ್ಯಾಶ್ರೀ ಆಗ ಕಡೂರಿನ ನರ್ಸಿಂಗ್ ಹೋಮೊಂದಕ್ಕೆ ಸೇರಿದ್ದಳು. ಭಾನುವಾರ ಡ್ಯೂಟಿ ಇರುತ್ತಿತ್ತು. ಇಲ್ಲದಿದ್ದರೂ ಅವನ ಮುಖ ನೋಡುವುದಿಲ್ಲ ಎಂದಳು. ಈರಭದ್ರಪ್ಪ, ಕರಿಬಸಮ್ಮನ ಗಂಡ, ತೆಂಗಿನ ತೋಟದಿಂದ ಬಂದು ಕಾಲು ತೊಳೆಯುತ್ತ, “ನಾನು ಹೋದ್ರೆ ಅವತ್ತು ಅಲ್ಲಿ ಏನಾದ್ರೂ ಆಗ್ತದೆ. ಬ್ಯಾಡ” ಎಂದ. ಉಳಿದವಳು ಕರಿಬಸಮ್ಮ. ಅವಳನ್ನು ಯಾರೂ ಕೇಳಲಿಲ್ಲ. ಮುಂದಿನ ಭಾನುವಾರ ರೊಟ್ಟಿ ಬಡಿದಿಟ್ಟು, ಮೊಮ್ಮಗಳ ಜಡೆ ಹೆಣೆದು ಬಸ್ಸಿಗೆ ನಿಂತಳು.

ಮೊದಮೊದಲು ತರೀಕೆರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೇ ಅಪ್ಪ ಮಗಳು ಕೂರುತ್ತಿದ್ದರು. ಆದರೆ ಅಜ್ಜಂಪುರದಿಂದ ಬರುವ ಹೋಗುವವರೆಲ್ಲ ಓಂಕಾರೇಶನ ಗುರುತಿನವರು. “ಏನ್ ಓಂಕಾರಪ್ಪ, ಇಲ್ಲೇನ್ ಕುಂತಿದ್ದೀಯ? ಮಗ್ಳಾ? ಅವ್ರಮ್ಮ ಎಲ್ಲಿ?” ಎಂದು ಕೇಳುವರು. ಅವನು ತಲೆ ತಗ್ಗಿಸುವನು. ಮಗು ಅವನ ಮುಖ ನೋಡುವುದು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವನು ಮಗಳ ಕೈ ಹಿಡಿದು ಎದ್ದ. ಕರಿಬಸಮ್ಮನ ಕಡೆ ನೋಡದೆಯೇ, ಆದರೆ ಅವಳಿಗೆ ಕೇಳಲೆಂದೇ, “ಮೇಲ್ಗಡೆ ಒಂದು ಹೋಟ್ಲೈತೆ ಮರಿ, ಅಲ್ಲಿಗೆ ಹೋಗಣ ಬಾ” ಎಂದ.

ಹೋಟೆಲಿನ ಹೆಸರು ನ್ಯೂ ಶಾಂಘೈ ಫ್ಯಾಮಿಲಿ ರೆಸ್ಟೋರೆಂಟ್. ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಕಡಿದಾದದ್ದು, ಕರಿಬಸಮ್ಮ ಕಂಬಿ ಹಿಡಿದು ಒಂದು ಕಾಲಾದ ಮೇಲೆ ಒಂದು ಕಾಲು ಎತ್ತಿಡಬೇಕು. ಒಳಗೆ ಕೆಂಪು ಕಾಗದದ ಬುಟ್ಟಿದೀಪಗಳು, ಗೋಡೆಯ ಮೇಲೆ ಬಾಯಿ ತೆರೆದ ಹಾವಿನಂಥ ಒಂದು ಪ್ರಾಣಿ, ಮೇಜಿಗೊಂದು ಕೆಂಪು ಸಾಸು, ಒಂದು ಹಸಿರು ಸಾಸು. ಅಡುಗೆಮನೆಯಿಂದ ಬಾಣಲೆ ಕುಟ್ಟುವ ಸದ್ದು, ಬೆಳ್ಳುಳ್ಳಿ ಸೀಯುವ ವಾಸನೆ. ಭಾನುವಾರ ಕೆಮ್ಮಣ್ಣುಗುಂಡಿಯಿಂದ ಇಳಿದು ಬಂದ ಹುಡುಗ ಹುಡುಗಿಯರು ಒದ್ದೆ ಶೂ ಹಾಕಿಕೊಂಡು ಗುಂಪುಗುಂಪಾಗಿ ಕೂತಿರುತ್ತಿದ್ದರು. ಓಂಕಾರೇಶನ ಗುರುತಿನವರು, ಅವನ ವಯಸ್ಸಿನವರು, ಅಲ್ಲಿಗೆ ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅಷ್ಟೆ.

ಸಿಂಚನಾ ಚಿಕ್ಕವಳಿದ್ದಾಗ ಅವನು ಸಂಜೆ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಜ್ಜಂಪುರದ ಗಾಡಿಯಲ್ಲಿ ಗೋಬಿ ಮಂಚೂರಿ ತಿನ್ನಿಸುತ್ತಿದ್ದ. ಮಗಳಿಗೆ ಅದೆಂದರೆ ಪ್ರಾಣ ಎಂದು ಅವನಿಗೆ ನೆನಪು. ಆದ್ದರಿಂದ ಹೋಟೆಲಿಗೆ ಕಾಲಿಟ್ಟೊಡನೆ, “ಒಂದು ಗೋಬಿ ಡ್ರೈ, ಒಂದು ವೆಜ್ ನೂಡಲ್ಸ್” ಎನ್ನುವನು. ಅಪ್ಪ ಮಗಳು ಕಿಟಕಿಯ ಮೇಜಿನಲ್ಲಿ. ಕರಿಬಸಮ್ಮ ಕೈ ತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ. ಮಗುವಿನ ಮೇಲೆ ಕಣ್ಣಿಡಿ, ಅವನ ಜೊತೆ ಮಾತು ಬೇಡ ಎಂದು ವಕೀಲರು ಹೇಳಿದ್ದರು. ಅವಳು ಮನೆಯಿಂದ ತಂದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು, ಸೆರಗು ಹೊದ್ದು ಕೂತುಬಿಡುವಳು. ಕೋಳಿಯೂ ಬೇಯುವ ಅಡುಗೆಮನೆ. ಅಲ್ಲಿಯ ಲೋಟ ಕೂಡ ಅವಳಿಗೆ ಬೇಡವಾಗಿತ್ತು.

ಕೂತರೆ ಮಾತೆಲ್ಲ ಕೇಳಿಸುತ್ತಿತ್ತು.

“ಸ್ಕೂಲ್ ಹೆಂಗೈತೆ ಮರಿ?”

“ಚೆನ್ನಾಗೈತೆ.”

“ಮಿಸ್ಸು?”

“ಚೆನ್ನಾಗವ್ರೆ.”

“ಯಾರ್ ನಿನ್ ಫ್ರೆಂಡು?”

ಸಿಂಚನಾ ಹೆಸರು ಹೇಳುವಳು. ಹದಿನೈದು ದಿನದ ಹಿಂದೆಯೂ ಅದೇ ಹೆಸರು ಹೇಳಿರುತ್ತಿದ್ದಳು. ಅಲ್ಲಿಗೆ ಮಾತು ನಿಲ್ಲುವುದು. ಅವನು ಫೋನಿನಲ್ಲಿ ನಾಯಿಮರಿಯ ವಿಡಿಯೋ ತೋರಿಸುವನು. ಗೋಬಿಯ ತಟ್ಟೆ ಬಂದಾಗ ಮಾತ್ರ ಇಬ್ಬರಿಗೂ ಕೆಲಸ ಸಿಕ್ಕಂತಾಗುವುದು. ಅವನು ಕಡ್ಡಿಯಲ್ಲಿ ಚುಚ್ಚಿ ಊದಿ ಊದಿ ಬಾಯಿಗಿಡುವನು, ಅವಳು ಅಗಿಯುವಳು. “ಹೆಂಗೈತೆ?” ಎನ್ನುವನು. “ಸೂಪರ್ ಅಪ್ಪ” ಎನ್ನುವಳು. ಆಗ ಅವನು ನಗುವನು.

ಸಂಜೆ ಊರಿಗೆ ಮರಳಿದರೆ ಮನೆಯಲ್ಲಿ ಇನ್ನೊಂದು ವಿಚಾರಣೆ. ಈರಭದ್ರಪ್ಪ ಜಗಲಿಯಿಂದಲೇ, “ಏನಂದ ಅವ್ನು?” ಎಂದು ಕೇಳುವನು. ವಿದ್ಯಾಶ್ರೀ ನೇರವಾಗಿ ಕೇಳುವವಳಲ್ಲ. ಮಗಳ ಬಟ್ಟೆ ಬಿಚ್ಚುತ್ತ, “ನನ್ ಬಗ್ಗೆ ಏನಾದ್ರೂ ಕೇಳಿದ್ರಾ?” ಎಂದು ತಾಯಿಗೆ ಪಿಸುಗುಟ್ಟುವಳು. ಕರಿಬಸಮ್ಮ ಎಲ್ಲದಕ್ಕೂ “ಏನೂ ಇಲ್ಲ” ಎನ್ನುವಳು. ಅಲ್ಲಿಯದು ಇಲ್ಲಿಗೆ ಬೇಡ, ಇಲ್ಲಿಯದು ಅಲ್ಲಿಗೆ ಬೇಡ ಎಂದು ತೀರ್ಮಾನಿಸಿಕೊಂಡಿದ್ದಳು. ಆದರೆ ಏನನ್ನೂ ಹೇಳದೆ ಇರುವುದೂ ಒಂದು ದುಡಿಮೆಯೇ. ಸೋಮವಾರ ಹಟ್ಟಿಯಲ್ಲಿ ಸಗಣಿ ಬಾಚುವಾಗ ಅವಳಿಗೆ ಮೈಯೆಲ್ಲ ಕಟ್ಟಿಹಾಕಿದಂತೆ ಇರುತ್ತಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಭಾನುವಾರದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಧರ್ಮಸ್ಥಳಕ್ಕೋ ಶೃಂಗೇರಿಗೋ ಹೊರಟವರು, ತವರಿಗೆ ಹೊರಟವರು. ತರೀಕೆರೆಯಿಂದ ಕಡೂರಿಗೆ ಮರಳುವಾಗ ಬೀರೂರು ಬರುವಷ್ಟರಲ್ಲಿ ಸಿಂಚನಾಳ ಮುಖ ಬಿಳಿಚಿಕೊಳ್ಳುತ್ತಿತ್ತು. ಕರಿಬಸಮ್ಮ ಕವರು ಹಿಡಿಯುವಳು, ಬೆನ್ನು ಸವರುವಳು. ತಿಂದ ಗೋಬಿಯೆಲ್ಲ ಹೊರಗೆ ಬರುವುದು. ಪಕ್ಕದವರು ಮೂಗು ಮುಚ್ಚಿಕೊಂಡು ಸರಿಯುವರು. ಒಂದು ಸಲವಲ್ಲ, ಪ್ರತಿ ಸಲ ಹೀಗೇ. ಬಸ್ಸು ಸೇರುವುದಿಲ್ಲವೇನೋ ಎಂದು ಅವಳು ಮೊದಲು ಅಂದುಕೊಂಡಿದ್ದಳು. ಆದರೆ ಕಡೂರಿಗೆ, ಚಿಕ್ಕಮಗಳೂರಿಗೆ ಹೋಗುವಾಗ ಮಗುವಿಗೆ ಏನೂ ಆಗುತ್ತಿರಲಿಲ್ಲ.

ಒಂದು ಸಂಜೆ ಕಡೂರು ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮಗುವಿನ ಬಾಯಿ ತೊಳೆಸುತ್ತ ಕೇಳಿದಳು:

“ಗೋಬಿ ನಿಂಗೆ ಸೇರಲ್ವೇನೇ?”

ಸಿಂಚನಾ ಇಲ್ಲ ಎಂದು ತಲೆಯಾಡಿಸಿದಳು.

“ಮತ್ಯಾಕೆ ತಿಂತೀಯೇ ತಾಯಿ? ಬ್ಯಾಡ ಅನ್ನಾಕೆ ಏನು?”

“ತಿಂದ್ರೆ ಅಪ್ಪ ನಗ್ತಾರಜ್ಜಿ. ಇಲ್ಲಾಂದ್ರೆ ಸುಮ್ನೆ ಕೂತಿರ್ತಾರೆ.”

ಕರಿಬಸಮ್ಮ ಸೆರಗಿನಿಂದ ಮಗುವಿನ ಮುಖ ಒರೆಸಿದಳು. ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ. ವಿದ್ಯಾಶ್ರೀಗೆ ಗೊತ್ತಾದರೆ ನೇರ ವಕೀಲರಿಗೆ ಹೋಗುತ್ತದೆ, ಮಗುವಿಗೆ ಆಗದ್ದು ತಿನ್ನಿಸಿ ಕಾಯಿಲೆ ಮಾಡುತ್ತಿದ್ದಾನೆ ಎಂದಾಗುತ್ತದೆ. ಓಂಕಾರೇಶನಿಗೂ ಹೇಳುವಂತಿರಲಿಲ್ಲ, ಅವನೊಡನೆ ಮಾತೇ ಇಲ್ಲ. ಅವಳು ತನ್ನ ಚೀಲದಲ್ಲಿ ಒಂದು ನಿಂಬೆಹಣ್ಣನ್ನೂ ನಾಲ್ಕು ಕವರುಗಳನ್ನೂ ಇಟ್ಟುಕೊಳ್ಳತೊಡಗಿದಳು, ಅಷ್ಟೆ.

ಹೋಟೆಲಿನ ಮಾಲೀಕ ಸೈಫ್ ತರೀಕೆರೆಯವನೇ, ಮೂವತ್ತರ ಆಸುಪಾಸಿನವನು. ಶಿವಮೊಗ್ಗದ ಹೋಟೆಲುಗಳಲ್ಲಿ ಕೆಲಸ ಮಾಡಿ, ನೇಪಾಳದ ಇಬ್ಬರು ಅಡುಗೆಯವರನ್ನು ಕರೆತಂದು ಇದನ್ನು ತೆರೆದಿದ್ದ. ಏನೂ ತಗೊಳ್ಳದೆ ಮೂರು ಗಂಟೆ ಮೇಜು ಹಿಡಿದು ಕೂರುವ ಈ ಮುದುಕಿಯನ್ನು ಅವನು ಒಂದು ದಿನವೂ ಏಳಿಸಲಿಲ್ಲ. ಯಾಕೆ ಬರುತ್ತಾರೆಂದು ಅವನಿಗೆ ಬೇಗನೆ ತಿಳಿದುಹೋಗಿತ್ತು. ಆಷಾಢದ ಒಂದು ಭಾನುವಾರ ಸೋನೆ ಹಿಡಿದಿತ್ತು. ಕರಿಬಸಮ್ಮ ಬಸ್ಸಿಳಿದು ಬರುವಷ್ಟರಲ್ಲಿ ನೆನೆದು, ಕೂತಲ್ಲೇ ನಡುಗುತ್ತಿದ್ದಳು. ಬೆಳಿಗ್ಗೆ ಬಸ್ಸಿನ ಆತುರದಲ್ಲಿ ಬಾಯಿಗೆ ಏನೂ ಹಾಕಿರಲಿಲ್ಲ. ಸೈಫ್ ಒಂದು ಬಟ್ಟಲು ತಂದು ಮುಂದಿಟ್ಟ. ಹೊಗೆಯಾಡುತ್ತಿತ್ತು.

“ಇದೇನಪ್ಪ? ನಾನು ಕೇಳಿಲ್ವಲ್ಲ.”

“ಸೂಪು ಅಜ್ಜಿ. ಮೆಕ್ಕೆಜೋಳದ್ದು. ನಿಮ್ಗೆ ಪಾತ್ರೇನೇ ಬೇರೆ ಇಟ್ಟು ಮಾಡ್ಸಿವ್ನಿ. ಮಾಂಸದ್ದು ಒಂದು ಚಮಚಾನೂ ಮುಟ್ಟಿಲ್ಲ, ನನ್ನ ತಾಯಾಣೆ. ಕುಡೀರಿ, ಜ್ವರ ಬಂದ್ಬಿಡ್ತದೆ.”

ಅವಳು ಬಟ್ಟಲನ್ನು ನೋಡುತ್ತ ಕೂತಳು. ಕೊನೆಗೆ ಸೆರಗಿನೊಳಗೆ ಕೈಯಿಟ್ಟು ಕೊರಳಿನ ಲಿಂಗವನ್ನೊಮ್ಮೆ ಮುಟ್ಟಿಕೊಂಡು ಬಟ್ಟಲೆತ್ತಿದಳು. ನೀರು ಜಾಸ್ತಿಯಾದ ಗಂಜಿಗೆ ಎಳೆಜೋಳದ ಕಾಳು ಹಾಕಿದಂತೆ ಇತ್ತು, ಸ್ವಲ್ಪ ಸಿಹಿ, ಸ್ವಲ್ಪ ಕಾರ. ರುಚಿಯೇನೂ ಹಿಡಿಸಲಿಲ್ಲ. ಆದರೆ ಹೊಟ್ಟೆಗೆ ಇಳಿದ ಕಡೆಯೆಲ್ಲ ಬೆಚ್ಚಗಾಯಿತು. ಪೂರ್ತಿ ಕುಡಿದಳು. ಅವತ್ತಿನಿಂದ ಅವಳ ಮೇಜಿಗೆ ಅದೊಂದು ಬರತೊಡಗಿತು. ಅವಳು ದುಡ್ಡು ಕೊಡಹೋದರೆ ಸೈಫ್, “ಆ ಬಿಲ್ಲಿಗೇ ಸೇರ್ಸಿವ್ನಿ ಅಜ್ಜಿ” ಎಂದು ಕಿಟಕಿಯ ಮೇಜಿನ ಕಡೆ ಕಣ್ಣು ತಿರುಗಿಸುವನು. ಓಂಕಾರೇಶ ಆ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಅಳಿಯ ಅತ್ತೆಗೆ ಊಟ ಕೊಡಿಸಿದ್ದು ಹೀಗೆ, ಒಬ್ಬರನ್ನೊಬ್ಬರು ನೋಡದೆ.

ಹೀಗೇ ದಿನಗಳು ಹೋಗುತ್ತಿದ್ದವೇನೋ. ಅಷ್ಟರಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದೆಂದು ಸರ್ಕಾರದ ಆದೇಶವಾಯಿತು. ಟೀವಿಯಲ್ಲೆಲ್ಲ ಅದೇ ಸುದ್ದಿ. ಆ ಬೇಸಿಗೆಯ ಒಂದು ಭಾನುವಾರ ಮೇಜಿಗೆ ಬಂದ ಗೋಬಿ ಕೆಂಪಗಿರಲಿಲ್ಲ. ಹುರಿದ ಕಡಲೆಹಿಟ್ಟಿನ ಕಂದು ಬಣ್ಣ. ಓಂಕಾರೇಶ ಒಂದು ಚೂರು ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ದೂಡಿದ.

“ಏನ್ರೀ ಇದು? ಇದನ್ನ ಗೋಬಿ ಅಂತಾರಾ?”

ಸೈಫ್ ಹತ್ತಿರ ಬಂದು, “ಅಣ್ಣ, ಕಲರ್ ಹಾಕಂಗಿಲ್ಲ ಈಗ. ಟೇಸ್ಟ್ ಅದೇ ಐತೆ ನೋಡಿ” ಎಂದ.

“ಎಲ್ಲೈತ್ರೀ ಅದೇ? ನನ್ ಮಗ್ಳು ಅಷ್ಟು ದೂರದಿಂದ ಬರೋದೇ ಇದಕ್ಕೆ! ಹದಿನೈದು ದಿನಕ್ಕೊಂದ್ಸಲ ಬರ್ತಾಳೆ ಮಗು, ಅವ್ಳಿಗೆ ಇಂಥಾದ್ದು ಕೊಡ್ತೀರಾ? ಹೇಳಿ, ಕೊಡ್ತೀರಾ?”

ಅವನು ಎದ್ದು ನಿಂತ, ದನಿ ಏರಿತು. ಪ್ರವಾಸಿ ಹುಡುಗರು ತಿನ್ನುವುದನ್ನು ಬಿಟ್ಟು ತಿರುಗಿದರು. ಅಡುಗೆಯವನು ಬಾಗಿಲಿಗೆ ಬಂದು ನಿಂತ. ಸಿಂಚನಾ ಎರಡೂ ಕೈಯನ್ನು ತೊಡೆಯ ಸಂದಿಗೆ ಸೇರಿಸಿ, ಭುಜ ಮುದುಡಿ, ಕಣ್ಣು ಮುಚ್ಚಿಕೊಂಡಿದ್ದಳು. ಮಗು ಹೀಗೆ ಕೂರುವುದನ್ನು ಕರಿಬಸಮ್ಮ ಹಿಂದೆ ಒಮ್ಮೆ ನೋಡಿದ್ದಳು. ವಿದ್ಯಾಶ್ರೀ ಮನೆಗೆ ಬಂದಿಳಿದ ದಿನ, ಆಟೋದ ಮೂಲೆಯಲ್ಲಿ.

ಅವಳು ಎದ್ದಳು. ಮೊಣಕಾಲು ಹಿಡಿದುಕೊಂಡಿತ್ತು, ಮೇಜನ್ನು ಒತ್ತಿ ಏಳಬೇಕಾಯಿತು. ಕಿಟಕಿಯ ಮೇಜಿನ ಹತ್ತಿರ ಹೋಗಿ ನಿಂತಳು.

“ಕೂಗಬ್ಯಾಡಿ ಓಂಕಾರಪ್ಪ.”

ಅವನು ಬೆಚ್ಚಿ ನೋಡಿದ. ಎಷ್ಟೋ ಕಾಲದ ಮೇಲೆ ಅವಳು ಅವನ ಹೆಸರು ಹಿಡಿದಿದ್ದಳು. ಬಹುವಚನ ಹಳೆಯ ಅಭ್ಯಾಸದಿಂದ ತಾನಾಗಿ ಬಂದಿತ್ತು.

“ಅವ್ಳಿಗೆ ಗೋಬಿ ಸೇರಲ್ಲ. ಕೆಂಪುಗಿದ್ರೂ ಸೇರಲ್ಲ, ಬೆಳ್ಳುಗಿದ್ರೂ ಸೇರಲ್ಲ. ಪ್ರತಿ ಸಲ ಬಸ್ಸಲ್ಲಿ ಕಕ್ಕೊಂಡು ಕಕ್ಕೊಂಡು ಬತ್ತಾಳೆ. ನಿಮ್ಮನ್ನ ನಗ್ಸಾಕೆ ತಿಂತಾಳೆ ಮಗು.”

ಓಂಕಾರೇಶ ಮಗಳ ಕಡೆ ನೋಡಿದ. ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಹೌದೇನ್ ಮರಿ?”

ಸಿಂಚನಾಳ ಕೆಳದುಟಿ ಅದುರತೊಡಗಿತು.

ಅವನು ನಿಧಾನವಾಗಿ ಕೂತ. ಕೂಗಿದ ಗಂಟಲಿನಲ್ಲೇ ಮೆಲ್ಲಗೆ, “ನಂಗೆ ಹೇಳ್ಬಹುದಿತ್ತಲ್ಲ ಅತ್ತೆ” ಎಂದ.

“ಹೇಳಂಗೆ ಎಲ್ಲಿ ಇಟ್ಟಿದ್ರಪ್ಪ ನೀವೂ ನನ್ ಮಗ್ಳೂ?” ಎಂದಳು ಕರಿಬಸಮ್ಮ. ನಿಲ್ಲಲು ಆಗದೆ ಅಲ್ಲೇ ಖಾಲಿ ಕುರ್ಚಿಯಲ್ಲಿ ಕೂತಳು.

ಸೈಫ್ ಮಗುವಿನ ಹತ್ತಿರ ಬಗ್ಗಿ, “ಏನ್ ಬೇಕಮ್ಮ ನಿಂಗೆ? ನೀನೇ ಹೇಳು” ಎಂದ. ಸಿಂಚನಾ ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. “ಮೊಸ್ರನ್ನ” ಎಂದಳು. ಹೋಟೆಲಿನ ಪಟ್ಟಿಯಲ್ಲಿ ಮೊಸರನ್ನವಿರಲಿಲ್ಲ. ಫ್ರೈಡ್ ರೈಸಿಗೆಂದು ಬಸಿದಿಟ್ಟ ಉದುರು ಅನ್ನಕ್ಕೆ ಮೊಸರು ಹಾಕಿ ಕಲಸಿ ತಂದುಕೊಟ್ಟರು. ಮಗು ಕೈಯಲ್ಲೇ ಉಂಡಿತು. ಓಂಕಾರೇಶ ಅದು ಉಣ್ಣುವುದನ್ನೇ ನೋಡುತ್ತ, ತಾನು ದೂಡಿದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆರಿದ ಗೋಬಿಯನ್ನು ಒಂದೊಂದಾಗಿ ತಿಂದು ಮುಗಿಸಿದ. ಹೊರಡುವಾಗ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಸೈಫನಿಗೆ, “ತಪ್ಪು ತಿಳ್ಕೋಬೇಡ್ರಿ” ಎಂದ. ಅವತ್ತು ಬಸ್ಸಿನಲ್ಲಿ ಮಗುವಿಗೆ ಏನೂ ಆಗಲಿಲ್ಲ, ಅಜ್ಜಿಯ ತೋಳಿಗೊರಗಿ ನಿದ್ದೆ ಹೋಯಿತು.

ಆಮೇಲಿನ ಭಾನುವಾರಗಳಲ್ಲಿ ಮೂವರೂ ಒಂದೇ ಮೇಜಿಗೆ ಕೂರತೊಡಗಿದರು. ಹೆಚ್ಚು ಮಾತೇನಿಲ್ಲ. ಅವನು ತಾಯಿಯ ಕಾಯಿಲೆ ಹೇಳುವನು, ಅವಳು ತೆಂಗಿಗೆ ಬಂದ ನುಸಿರೋಗ ಹೇಳುವಳು. ಇಬ್ಬರ ನಡುವೆ ಮಗು ಬಣ್ಣದ ಪೆನ್ಸಿಲಿನಲ್ಲಿ ಪೇಪರ್ ನ್ಯಾಪ್ಕಿನ್ನಿನ ಮೇಲೆ ಮನೆ ಬರೆಯುವುದು. ಅವನು ಸಿಟ್ಟು ಬಿಟ್ಟುಬಿಟ್ಟ ಎಂದಲ್ಲ. ಫೋನಿನಲ್ಲಿ ಗಿರಾಕಿಗಳ ಮೇಲೆ ದನಿ ಏರಿಸಿದಾಗ ಮಗಳ ಕೈ ನಿಂತುಬಿಡುವುದನ್ನು ಈಗ ಅವನೂ ಕಾಣುತ್ತಿದ್ದ. ಕಂಡೊಡನೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ.

ಸುದ್ದಿ ಊರಿಗೆ ತಲುಪಲು ತಡವಾಗಲಿಲ್ಲ. ಪಕ್ಕದ ಮನೆಯ ಕಾಮಾಕ್ಷಮ್ಮ ಮಕ್ಕಳೊಂದಿಗೆ ಕೆಮ್ಮಣ್ಣುಗುಂಡಿ ನೋಡಿಕೊಂಡು ಬರುವಾಗ ಅದೇ ಹೋಟೆಲಿಗೆ ಹತ್ತಿದ್ದಳು. ಮಾರನೆಯ ದಿನ ಈರಭದ್ರಪ್ಪನಿಗೆ ಬಾವಿಕಟ್ಟೆಯ ಹತ್ತಿರವೇ ಹೇಳಿದಳು.

“ಕೋಳಿ ಬೇಯ್ಸೋ ಹೋಟ್ಲಲ್ಲಿ, ಅವ್ನ ಎದ್ರು, ಒಂದೇ ಮೇಜಲ್ಲಿ ಕುಂತು ಉಂಡ್ಯೇನೇ?” ಎಂದು ಅವನು ಒಲೆಯ ಮುಂದೆ ಬಂದು ನಿಂತ. “ಮಾನ ಮರ್ಯಾದೆ ಏನಾದ್ರೂ ಐತಾ?”

ಕರಿಬಸಮ್ಮ ರೊಟ್ಟಿ ತಿರುವಿ ಹಾಕಿದಳು. ಗಂಡನ ಮಾತಿಗೆ ಅವಳು ಅಷ್ಟು ನೊಂದುಕೊಳ್ಳಲಿಲ್ಲ. ನೋವಾದದ್ದು ಮಗಳ ಮಾತಿನಿಂದ. ವಿದ್ಯಾಶ್ರೀ ಡ್ಯೂಟಿಯಿಂದ ಬಂದವಳು ಚೀಲ ಇಳಿಸದೆ ಹೇಳಿದಳು:

“ಅವ್ರ ಕೂಗಾಟ ತಡೀಲಾರ್ದೆ ಎದ್ದು ಬಂದೋಳವ್ವ ನಾನು. ನೀನು ಅವ್ರ ಜತೆ ಕೂತು ಸೂಪು ಕುಡೀತಿದ್ದೀಯ. ನಾನೇ ಸುಳ್ಳು ಹೇಳ್ದೆ ಅಂದಂಗಾಗಲ್ವಾ?”

“ನೀನು ಸುಳ್ಳು ಹೇಳಿಲ್ಲ ಕಣೇ. ನಾನೂ ಕಣ್ಣಾರೆ ಕಂಡೆ” ಎಂದಳು ಕರಿಬಸಮ್ಮ. “ಆದ್ರೆ ಮಗು ಎದ್ರು ಇಬ್ರು ಗೋಡೆ ಥರ ಎಷ್ಟು ಅಂತ ಕೂರಾದು? ನಂಗೂ ಸಾಕಾಗೈತೆ. ಮುಂದಿನ ಭಾನುವಾರ ನೀನೇ ಹೋಗು. ನನ್ ಕಾಲು ಸೋತೈತೆ.”

ವಿದ್ಯಾಶ್ರೀ ಹಟ ಹಿಡಿದು ಹೋದಳು. ರಜೆ ಹಾಕಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಮಗಳ ಕೈ ಹಿಡಿದು ಹೋದಳು. ಸಂಜೆ ಮರಳಿದವಳು ನೇರ ಕೋಣೆಗೆ ಹೋಗಿ ಮಲಗಿದಳು. ಕರಿಬಸಮ್ಮ ಕೇಳಲಿಲ್ಲ. ಸಿಂಚನಾಳೇ ಹಾಲು ಕುಡಿಯುತ್ತ ಹೇಳಿದಳು:

“ಅಮ್ಮ ನಿನ್ ಹಳೇ ಜಾಗದಲ್ಲಿ ಕೂತ್ಕೊಂಡಿದ್ರಜ್ಜಿ. ಏನೂ ತಿನ್ಲಿಲ್ಲ. ಅಪ್ಪ ನೀರಿನ ಲೋಟ ತಂದಿಟ್ರು. ಅಮ್ಮ ಥ್ಯಾಂಕ್ಸ್ ಅಂದ್ರು.”

“ಆಮೇಲೆ?”

“ಅಷ್ಟೇ. ಬಸ್ಸಲ್ಲಿ ಅಮ್ಮ ಕಿಟಕಿ ಕಡೆ ತಿರುಗ್ಕೊಂಡಿದ್ರು.”

ಎರಡು ವಾರ ಕಳೆದು ಮತ್ತೆ ಭಾನುವಾರ ಹತ್ತಿರ ಬಂದಾಗ ವಿದ್ಯಾಶ್ರೀ ತಾಯಿಯ ಕಾಲಿಗೆ ಎಣ್ಣೆ ನೀವುತ್ತ, “ನೀನೇ ಹೋಗವ್ವ. ನನ್ ಕೈಲಿ ಆಗಲ್ಲ” ಎಂದಳು. ಎಲ್ಲಿ ಬೇಕಾದರೂ ಕೂರು, ಯಾರ ಜೊತೆ ಬೇಕಾದರೂ ಉಣ್ಣು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮತ್ತೆಂದೂ ಆ ಮಾತು ಎತ್ತಲಿಲ್ಲ. ಈರಭದ್ರಪ್ಪ ಕೆಲವು ದಿನ ಗೊಣಗಿ ಸುಮ್ಮನಾದ.

ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಓಂಕಾರೇಶ ಬಂದಾಗ ಗಡ್ಡ ತೆಗೆಸಿ, ಹೊಸ ಅಂಗಿ ತೊಟ್ಟಿದ್ದ. ಮಗಳು ಕೈ ತೊಳೆಯಲು ಎದ್ದು ಹೋದಾಗ ಮೇಜಿನ ಮೇಲೆ ಕಣ್ಣಿಟ್ಟು ಹೇಳಿದ:

“ಅತ್ತೆ, ಅವ್ವ ಹಾಸಿಗೆ ಬಿಟ್ಟು ಏಳ್ತಿಲ್ಲ. ಮನೇಲಿ ಯಾರೂ ಇಲ್ಲ. ಶಿವನಿ ಕಡೆ ಒಂದು ಸಂಬಂಧ ಮಾತಾಡವ್ರೆ.”

ಇದನ್ನೂ ತಾನೇ ಹೊತ್ತುಕೊಂಡು ಮನೆಗೆ ಹೋಗಬೇಕಲ್ಲ ಎಂಬುದೇ ಕರಿಬಸಮ್ಮನಿಗೆ ಮೊದಲು ಹೊಳೆದದ್ದು. ಆಮೇಲೆ, “ಆಗ್ಲಿ ಬಿಡಿ. ಒಬ್ರೇ ಎಷ್ಟು ದಿನ ಇರ್ತೀರ” ಎಂದಳು. “ಆದ್ರೆ ಮಗೂಗೆ ನೀವೇ ಹೇಳ್ಬೇಕು. ನಾನ್ ಹೇಳಲ್ಲ. ಆ ಹುಡ್ಗಿ ಹತ್ರ ಕೂಗಾಡಬ್ಯಾಡಿ, ಅಷ್ಟೇ ನಾನು ಕೇಳಾದು.”

ಅವನು ತಲೆಯಾಡಿಸಿದ. ಮಗಳು ಬಂದು ಕೂತ ಮೇಲೆ ತಡವರಿಸುತ್ತ ಹೇಳಿದ. ಸಿಂಚನಾಗೆ ಆಗ ಹತ್ತು ತುಂಬುತ್ತಿತ್ತು. ಅವಳು ಕೇಳಿಸಿಕೊಂಡು, “ಅವ್ರಿಗೆ ಗೋಬಿ ಇಷ್ಟನಾ ಅಪ್ಪ?” ಎಂದಳು. ಓಂಕಾರೇಶ ನಗಲು ಹೋದ, ಆಗಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ವಿದ್ಯಾಶ್ರೀಗೆ ಹೇಳಿದ್ದು ಕರಿಬಸಮ್ಮನೇ. ಮಗಳು ಅಳಬಹುದು, ಇಲ್ಲ ಸಿಟ್ಟಾಗಬಹುದು ಎಂದುಕೊಂಡಿದ್ದಳು. ವಿದ್ಯಾಶ್ರೀ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸುತ್ತಲೇ, “ಹೂಂ” ಎಂದಳು. ಆ ರಾತ್ರಿ ಊಟ ಬೇಡವೆಂದಳು. ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದಳು.

ಮದುವೆಯಾದ ಮೇಲೆ ಓಂಕಾರೇಶ ಬರುವುದು ತಡವಾಗತೊಡಗಿತು. ಒಂದು ಸಲ ಬಾರದೆಯೇ ಹೋದ. ಅಜ್ಜಿ ಮೊಮ್ಮಗಳು ಮಧ್ಯಾಹ್ನದವರೆಗೆ ಕಾದರು. ಕೊನೆಗೆ ಸಿಂಚನಾಳೇ ಕೈ ಎತ್ತಿ ಇಬ್ಬರಿಗೂ ಬೇಕಾದ್ದು ತರಿಸಿದಳು, ಅಜ್ಜಿಗೆ ಚಮಚ ಒರೆಸಿ ಕೊಟ್ಟಳು. ಮಗು ದೊಡ್ಡದಾಗಿಬಿಟ್ಟಿದೆ ಎಂದು ಕರಿಬಸಮ್ಮನಿಗೆ ಅನಿಸಿದ್ದು ಆಗಲೇ. ಮುಂದಿನ ಸಲ ಅವನು ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದನ್ನು ಹೇಳಿ ಕೈ ಮುಗಿದ. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗಲು ಬೇಕಾದ ತ್ರಾಣವೂ ಉಳಿದಿರಲಿಲ್ಲ.

ದಾರಿ ಹೇಳಿದವಳು ಸಿಂಚನಾ. “ಅಪ್ಪ, ಇಷ್ಟು ದೂರ ಎಲ್ರೂ ಬರೋದ್ಯಾಕೆ? ಬೇಸಿಗೆ ರಜಕ್ಕೆ, ದಸರಾ ರಜಕ್ಕೆ ನಾನೇ ಅಜ್ಜಂಪುರಕ್ಕೆ ಬಂದು ಇದ್ದು ಹೋಗ್ತೀನಿ. ಆ ಅಜ್ಜೀನೂ ನೋಡ್ದಂಗಾಗ್ತದೆ.” ಅವಳು ಇದನ್ನು ಎಷ್ಟು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೋ. ಓಂಕಾರೇಶ ಕರಿಬಸಮ್ಮನ ಮುಖ ನೋಡಿದ. “ಅವ್ರಮ್ಮನ್ನ ಕೇಳ್ಬೇಕಪ್ಪ” ಎಂದಳು ಅವಳು.

ವಿದ್ಯಾಶ್ರೀ ಒಂದು ವಾರ ಒಪ್ಪಲಿಲ್ಲ. ಆ ಮನೆಯಲ್ಲಿ ಮಗಳು ಹೇಗಿರುತ್ತಾಳೋ, ಆ ಹೆಂಗಸು ಹೇಗೋ ಎಂದು ಒದ್ದಾಡಿದಳು. ಆಮೇಲೆ ಒಂದು ದಿನ ಅವಳೇ ಫೋನು ಮಾಡಿ ಓಂಕಾರೇಶನ ಹೊಸ ಹೆಂಡತಿಯೊಂದಿಗೆ ಮಾತಾಡಿದಳು. ಏನು ಮಾತಾಡಿದಳೋ ಯಾರಿಗೂ ಹೇಳಲಿಲ್ಲ. ಫೋನಿಟ್ಟು ಬಂದು, “ಹೋಗ್ಲಿ ಬಿಡವ್ವ. ಹೋಗಿ ಬರ್ಲಿ” ಎಂದಳು. ವಕೀಲರ ಹತ್ತಿರ ಹೋಗಿ ಅದನ್ನೇ ಬರೆಸಿದರು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದೊಡನೆ ಓಂಕಾರೇಶ ಕಡೂರಿಗೇ ಬಂದು ಮಗಳನ್ನು ಕರೆದುಕೊಂಡು ಹೋದ. ಬಸ್ಸು ಹೊರಡುವವರೆಗೆ ವಿದ್ಯಾಶ್ರೀ ಕಿಟಕಿಯ ಕೆಳಗೆ ನಿಂತಿದ್ದಳು.

ಅದಾದ ಮೇಲೆ ಬಂದ ಎರಡನೆಯ ಭಾನುವಾರ ಕರಿಬಸಮ್ಮನಿಗೆ ಎಂದಿನಂತೆ ಕತ್ತಲಿರುವಾಗಲೇ ಎಚ್ಚರವಾಯಿತು. ಎದ್ದು, ಮುಖ ತೊಳೆದು, ಟ್ರಂಕಿನಿಂದ ಹೊರಗೆ ಉಡುವ ಸೀರೆ ತೆಗೆದಳು. ಅರ್ಧ ಸುತ್ತಿಕೊಂಡ ಮೇಲೆ ಇವತ್ತು ಎಲ್ಲಿಗೂ ಹೋಗುವುದಿಲ್ಲ ಎಂಬುದು ನೆನಪಾಯಿತು. ಸೀರೆ ಹಿಡಿದುಕೊಂಡು ಮಂಚದ ಅಂಚಿಗೆ ಕೂತಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ದುಃಖವೂ ಆಗಲಿಲ್ಲ. ಮೂರು ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಬಂದು ಕಣ್ಣಿನ ಮೇಲೆ ಕೂತಂತಿತ್ತು.

“ಇವ್ಳೇ, ರೊಟ್ಟಿ ಹಾಕಲ್ವಾ?” ಎಂದು ಈರಭದ್ರಪ್ಪ ಹೊರಗಿನಿಂದ ಕೂಗಿದ.

“ನಿನ್ನೆದು ಐತ್ರೀ, ತಗಂಡು ತಿನ್ರಿ” ಎಂದು ಅವಳು ಸೀರೆಯನ್ನೇ ಮೇಲೆಳೆದುಕೊಂಡು ಮಲಗಿದಳು. ಬಿಸಿಲು ಅಂಗಳಕ್ಕೆ ಬಂದು, ಹಟ್ಟಿಯಲ್ಲಿ ಹಸು ಅರಚಿ, ಪಕ್ಕದ ಮನೆಯ ಮಿಕ್ಸಿ ಗುರುಗುಟ್ಟಿ ನಿಂತರೂ ಏಳಲಿಲ್ಲ. ವಿದ್ಯಾಶ್ರೀ ಎರಡು ಸಲ ಬಾಗಿಲಿಗೆ ಬಂದು ನೋಡಿದಳು. ಎಬ್ಬಿಸದೆ ಹೋಗಿ ಹಾಲು ಕರೆದಳು.